ಉದ್ದಮೂಗಿನ ಲಾರಿಯ ಖಾಲಿ ತೂಕ

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಇಳೀರಕ್ಕ ತನ್ನ ವೇಬ್ರಿಡ್ಜ್ ಕೋಣೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒಂದು ಕಬ್ಬಿಣದ ತೂಕದ ಬಟ್ಟನ್ನು ಕಾಲಿನಿಂದ ಸರಿಸಿ ಅಡ್ಡ ಇಡುತ್ತಿದ್ದಳು. ಕಿಟಕಿಯಾಚೆ, ಲಾರಿಗಳನ್ನು ತೂಗುವ ಉಕ್ಕಿನ ಹಾಸಿನ ಮೇಲೆ, ತೀರಿಹೋದ ಅಪ್ಪನ ಲಾರಿ ನಿಂತಿತ್ತು. ಓಡಿಸಿಕೊಂಡು ಬಂದ ತಮ್ಮ ಆಗಲೇ ಕೆಳಗಿಳಿದು ಹಾಸಿನಿಂದ ದೂರ ನಿಂತಿದ್ದ. ಆಕೆ ಕುರ್ಚಿಗೆ ಬಂದು ಕೂತು, ಕನ್ನಡಕ ಏರಿಸಿಕೊಂಡು, ಮೈಕಿನ ಗುಂಡಿ ಒತ್ತಿ, ಪರದೆಯ ಮೇಲಿನ ಕೆಂಪು ಅಂಕಿಯನ್ನು ಎಂದಿನ ಧಾಟಿಯಲ್ಲೇ ಓದಿದಳು.

"ಎರಡು ಸಾವಿರದ ಒಂಬೈನೂರ ನಲವತ್ತು."

ತಾನು ಏನು ಓದಿದೆ ಎನ್ನುವುದು ಓದಿ ಮುಗಿದ ಮೇಲೆ ತಲೆಗೆ ಹೋಯಿತು. ಲಾರಿಯ ಬಾಗಿಲ ಮೇಲೆ, ಹಸಿರು ಬಣ್ಣದ ನಡುವೆ, ಅಂಗೈ ಅಗಲದ ಬಿಳಿ ಅಕ್ಷರಗಳಲ್ಲಿ ಅದರ ಖಾಲಿ ತೂಕ ಬರೆದಿತ್ತು: 3160. ಸಾಲಿನಲ್ಲಿ ಕಾಯುತ್ತಿದ್ದ ಎಲ್ಲ ಚಾಲಕರಿಗೂ ಅದು ಕಾಣುತ್ತಿತ್ತು.

"ಅಕ್ಕಾ, ಲಾರಿ ಉಪವಾಸ ಏನಾದ್ರೂ ಮಾಡ್ತಿದ್ಯಾ?" ಎಂದು ಜಲ್ಲಿ ಲಾರಿಯವನೊಬ್ಬ ಕೂಗಿದ.

"ಯಜಮಾನ್ರು ಹೋದ ದುಃಖಕ್ಕೆ ಸೊರಗಿರಬೇಕು ಬಿಡೋ," ಎಂದ ಇನ್ನೊಬ್ಬ.

ಅಕ್ಕ ನಗಲಿಲ್ಲ. ಮೈಕನ್ನು ಆರಿಸುವುದೂ ನೆನಪಾಗಲಿಲ್ಲ.

ಈ ಇಳೀರಕ್ಕನ ನಿಜವಾದ ಹೆಸರು ಅಂಗಳಕ್ಕೆ ಬರುವ ಚಾಲಕರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ವಯಸ್ಸು ಐವತ್ತೆರಡು. ಹತ್ತೊಂಬತ್ತಕ್ಕೆ ಈ ಕುರ್ಚಿಗೆ ಬಂದವಳು. ಲಾರಿ ಹಾಸಿನ ಮೇಲೆ ಹತ್ತಿ ನಿಂತ ಕೂಡಲೇ ಆಕೆ ಮೈಕಿನಲ್ಲಿ ಮೊದಲು ಹೇಳುವ ಮಾತು "ಎಲ್ರೂ ಇಳೀರಿ." ಚಾಲಕ ಇಳಿಯಬೇಕು, ಕ್ಲೀನರ್ ಇಳಿಯಬೇಕು, ಮೂಟೆಗಳ ಮೇಲೆ ಮಲಗಿದವನೂ ಎದ್ದು ಇಳಿಯಬೇಕು. ಒಮ್ಮೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಚಾಲಕನನ್ನು ಇಬ್ಬರು ಹೊತ್ತು ಇಳಿಸಿ, ತೂಕವಾದ ಮೇಲೆ ಮತ್ತೆ ಹೊತ್ತು ಹತ್ತಿಸಿದ್ದರು. ಇನ್ನೊಮ್ಮೆ ಕ್ಯಾಬಿನ್ನಿನೊಳಗೆ ಮರಿ ಹಾಕಿದ್ದ ಬೆಕ್ಕನ್ನು ಮರಿಗಳ ಸಮೇತ ಇಳಿಸಿದ್ದಳು. "ಬೆಕ್ಕಿನ ತೂಕ ನಿನ್ನ ಮೆಷಿನ್ನಿಗೆ ಗೊತ್ತೇ ಆಗಲ್ವಲ್ಲಕ್ಕ" ಎಂದವನಿಗೆ, "ಅದಕ್ಕೆ ಗೊತ್ತಾಗ್ದೇ ಇದ್ರೂ ನನಗೆ ಗೊತ್ತಾಗುತ್ತಲ್ಲ" ಎಂದಿದ್ದಳು. ಹೀಗೆ ಬಿದ್ದ ಹೆಸರು ಅದು.

ಕೊಳ್ಳುವವರೂ ಮಾರುವವರೂ ಎಷ್ಟೇ ಕಿತ್ತಾಡಿಕೊಂಡು ಬಂದರೂ ಆಕೆ ಅಂಕಿ ಹೇಳಿದ ಮೇಲೆ ಮಾತು ಮುಗಿಯುತ್ತಿತ್ತು. ಬೇರೆ ವೇಬ್ರಿಡ್ಜಿನಲ್ಲಿ ತೂಗಿದ್ದನ್ನು ಇಲ್ಲಿಗೆ ತಂದು ಮತ್ತೊಮ್ಮೆ ತೂಗಿಸಿಕೊಂಡು ಹೋಗುವವರಿದ್ದರು. ಆಕೆಯ ಬಳಿ ಇದ್ದ ಆಸ್ತಿ ಅದೊಂದೇ. ಮದುವೆಯಾಗಿರಲಿಲ್ಲ. ಅಪ್ಪನ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದಳು, ಮುಂದಿನ ಎರಡು ಕೋಣೆಗಳಲ್ಲಿ ತಮ್ಮನ ಸಂಸಾರ. ಮನೆ ಬಾಡಿಗೆಯದು.

ಅಪ್ಪ ಮರಳು, ಜಲ್ಲಿ ಹೊಡೆಯುತ್ತಿದ್ದವನು. ಲಾರಿ ಸ್ವಂತದ್ದು. ಈಗಿನ ಲಾರಿಗಳ ಹಾಗೆ ಮುಖ ಚಪ್ಪಟೆಯಿಲ್ಲ, ಎಂಜಿನ್ನು ಮುಂದಕ್ಕೆ ಚಾಚಿಕೊಂಡ ಉದ್ದ ಮೂಗಿನದು. ಬಾಡಿ ಮರದ್ದು. ಎಪ್ಪತ್ತರ ವಯಸ್ಸಿನವರೆಗೂ ಓಡಿಸಿದ. ಕೈ ನಡುಗಲು ಶುರುವಾದ ಮೇಲೆ ಅದನ್ನು ಶೆಡ್ಡಿಗೆ ಸೇರಿಸಿ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಪಕ್ಕದಲ್ಲಿ ಕೂತು ಸದ್ದು ಕೇಳಿ, ಆರಿಸಿ ಬರುತ್ತಿದ್ದ. ಹೀಗೇ ಹನ್ನೊಂದು ವರ್ಷ ಕಳೆದು, ಹೋದ ವರ್ಷ ತೀರಿಕೊಂಡ. ಲಾರಿ ಅಕ್ಕನಿಗೂ ತಮ್ಮನಿಗೂ ಸಮನಾಗಿ ಉಳಿಯಿತು.

ಅದರ ಬೆಲೆ ಎಷ್ಟಿರಬಹುದು ಎಂದು ಮೊದಲು ಅಂದಾಜು ಮಾಡಿದವಳು ಅಕ್ಕನೇ. ಆಕೆಯ ಲೆಕ್ಕ ಸುಲಭದ್ದು. ಮೂರು ಸಾವಿರದ ನೂರ ಅರವತ್ತರಲ್ಲಿ ಮರ, ಟೈರು, ಗಾಜು ಕಳೆದು ಉಳಿದದ್ದನ್ನು ಗುಜರಿ ಕಬ್ಬಿಣದ ದರದಿಂದ ಗುಣಿಸಿದಳು. ಬಂದ ಮೊತ್ತ ನೋಡಿ, "ಒಂದು ಸ್ಕೂಟರಿಗೂ ಸಾಲಲ್ಲ ಕಣೋ. ಇರ್ಲಿ ಬಿಡು, ನಿಂತಿರ್ಲಿ" ಎಂದಿದ್ದಳು. ತಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. ಅವನು ಪ್ಲಂಬರ್. ಯಾರದೋ ದೊಡ್ಡ ಮನೆಯಲ್ಲಿ ನಲ್ಲಿ ರಿಪೇರಿ ಮಾಡುವಾಗ, ಹಳೆಯ ವಾಹನಗಳನ್ನು ಕೊಂಡು ದೊಡ್ಡ ಹಾಲ್‌ನಲ್ಲಿ ನಿಲ್ಲಿಸಿ ಜನಕ್ಕೆ ತೋರಿಸುವ ಶ್ರೀಮಂತರೊಬ್ಬರ ಸುದ್ದಿ ಕೇಳಿಕೊಂಡು ಬಂದ. ಫೋನ್ ಮಾಡಿದ. ಅವರು ಬೆಲೆ ಕಟ್ಟುವವನೊಬ್ಬನನ್ನು ಕಳಿಸಿದರು.

ಬೆಲೆ ಕಟ್ಟುವವನು ಸಣಕಲು ಆಳು. ಜೇಬಿನಲ್ಲಿ ಬಟ್ಟೆ ಸುತ್ತಿದ ಅಯಸ್ಕಾಂತ. ತಗಡಿನ ಮೇಲೆ ಅದನ್ನು ಓಡಿಸಿ ಎಲ್ಲೆಲ್ಲಿ ತುಕ್ಕಿನ ತೂತಿಗೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆ ಎಂದು ಪತ್ತೆ ಹಚ್ಚುತ್ತಿದ್ದ. ಎಲ್ಲೂ ಪುಟ್ಟಿ ಸಿಗಲಿಲ್ಲ. ಎಂಜಿನ್ನಿನ ನಂಬರು, ಚಾಸಿಯ ನಂಬರು, ಗೇರ್ ಬಾಕ್ಸಿನ ನಂಬರು ಉಜ್ಜಿ ಓದಿದ. ಮೂರು ಗಂಟೆ ಶೆಡ್ಡಿನಲ್ಲಿದ್ದು, ಒಮ್ಮೆಯೂ ಬಾಯಿ ಬಿಡದೆ, ಕೊನೆಗೆ ಅಂಗೈ ಒರೆಸಿಕೊಳ್ಳುತ್ತ, "ಹದಿನೆಂಟು ಲಕ್ಷ ಹೇಳಬಹುದು" ಎಂದ.

ತಮ್ಮ ಶೆಡ್ಡಿನ ಕಂಬ ಹಿಡಿದುಕೊಂಡ. ಅವನ ಹೆಂಡತಿ ತಂದಿದ್ದ ಚಹಾದ ತಟ್ಟೆ ಹಾಗೇ ನಿಂತಿತು.

"ಯಾವುದಕ್ಕೆ?" ಎಂದಳು ಅಕ್ಕ.

"ಲಾರಿಗೆ, ಮೇಡಂ."

"ಇದಕ್ಕಾ?"

"ಇಂಥದ್ದು ಎಲ್ಲೂ ಉಳಿದಿಲ್ಲ. ಉಳಿದಿದ್ರೂ ಮೂರು ಲಾರಿ ಸೇರಿಸಿ ಒಂದು ಮಾಡಿರ್ತಾರೆ. ಇದರ ಎಂಜಿನ್ನು, ಚಾಸಿ ಹುಟ್ಟಿದ ಹಾಗೇ ಇವೆ. ಕಾಗದ ಪತ್ರ ಸರಿಯಾಗಿದ್ದು, ಒಂದು ವೇಬ್ರಿಡ್ಜಿನ ತೂಕದ ಚೀಟಿ ಕೊಟ್ರೆ ಮುಗೀತು. ಕಾಗದದಲ್ಲಿರೋ ತೂಕ, ಲಾರಿ ತೂಕ ಒಂದೇ ಇರ್ಬೇಕು, ಅಷ್ಟೇ."

"ತೂಕದ ಚೀಟಿನಾ?" ತಮ್ಮನಿಗೆ ನಗು ತಡೆಯಲಾಗಲಿಲ್ಲ. "ಅದಕ್ಕೆ ನಮ್ಮಕ್ಕನ್ನೇ ಕೇಳ್ತಿದ್ದೀರಲ್ಲ ಸಾರ್! ಒಳ್ಳೇ ಬಾವಿ ಮುಂದೆ ನಿಂತು ನೀರು ಕೇಳ್ದಂಗಾಯ್ತು."

ಆ ರಾತ್ರಿ ಅವನ ಸಂಸಾರ ಮಲಗದೆ, ಇನ್ನೂ ಕಟ್ಟಿರದ ಸ್ವಂತ ಮನೆಯ ಕೋಣೆಗಳನ್ನು ಹಂಚಿಕೊಂಡಿತು. ಮರುದಿನ ಅವನು ಸ್ಪ್ಯಾನರುಗಳ ಚೀಲ ಹೊತ್ತು ಲಾರಿಯ ಅಡಿಗೆ ತೂರಿ, ಅಡಿಯ ಕೆಸರು, ತುಕ್ಕು, ಬೇಡದ್ದೆಲ್ಲವನ್ನೂ ತೆಗೆದು ಚೊಕ್ಕಟ ಮಾಡಿದ. ಅದಾದ ಮೇಲಿನ ಸೋಮವಾರವೇ ಹತ್ತು ನಲವತ್ತರ ಆ ತೂಕ.

ಅಕ್ಕ ಗಾಬರಿಯಾದಾಗ ಕೆಲಸ ಹೆಚ್ಚು ನಿಧಾನವಾಗಿ ಮಾಡುವವಳು. ಲಾರಿಯನ್ನು ಹಾಸಿನಿಂದ ಇಳಿಸಿದಳು. ಪರದೆಯ ಮೇಲೆ ಸೊನ್ನೆ. ನೀರಿನ ಟ್ಯಾಂಕರೊಂದನ್ನು ಹತ್ತಿಸಿದಳು, ಅದರ ಖಾಲಿ ತೂಕ ಎಷ್ಟಿರಬೇಕೋ ಅಷ್ಟೇ ಬಂತು. ಅಪ್ಪನ ಲಾರಿಯನ್ನು ತಿರುಗಿಸಿ, ಈ ಸಲ ಹಿಂದಿನಿಂದ ಹತ್ತಿಸಿದಳು. ಎರಡು ಸಾವಿರದ ಒಂಬೈನೂರ ನಲವತ್ತು. ಯಂತ್ರದ ತಪ್ಪಲ್ಲ ಅನ್ನುವುದು ಖಚಿತವಾಯಿತು.

ತೂಕ ನೋಡಲೆಂದೇ ಬಂದಿದ್ದ ಬೆಲೆ ಕಟ್ಟುವವನು ಕಿಟಕಿಯ ಹತ್ತಿರ ಬಂದ. ಮುಖ ಬಿಗಿದಿತ್ತು. "ಇನ್ನೂರ ಇಪ್ಪತ್ತು ಕಿಲೋ ಕಮ್ಮಿ ಇದೆ ಮೇಡಂ. ನಾನು ನೋಡಿ ಹೋದ ಮೇಲೆ ಏನಾದ್ರೂ ಬಿಚ್ಚಿದ್ರಾ?"

"ಬೇಡದ್ದು ಬಿಚ್ಚಿದೆ ಸಾರ್," ಎಂದ ತಮ್ಮ, ತಲೆ ಕೆರೆದುಕೊಳ್ಳುತ್ತ. "ಬಾಡಿ ಅಡಿಯಲ್ಲಿ, ಚಾಸಿಯ ಎರಡು ಕಂಬಿ ಮಧ್ಯೆ, ಕೆಸರು ಮೆತ್ತಿ ಕಾಣದ ಹಾಗೆ, ಒಂದು ತುಕ್ಕು ಹಿಡಿದ ಪೆಟ್ಟಿಗೆ ಇತ್ತು. ತುಂಬ ಕಬ್ಬಿಣದ ಬಟ್ಟು. ಹಳೇ ಗುಜರಿ ಅಂತ ತೆಗೆದು ಹಾಕಿದೆ. ಅಷ್ಟೇನಾ ವಿಷಯ? ವಾಪಸ್ ಹಾಕಿದ್ರಾಯ್ತು!"

ಅಕ್ಕ ಬಾಗಿಲಿಗೆ ಅಡ್ಡವಿಟ್ಟಿದ್ದ ಬಟ್ಟಿನ ಕಡೆ ನೋಡಿದಳು. ನೆತ್ತಿಯ ಮೇಲೆ ಅಚ್ಚು ಒತ್ತಿದ ಅಂಕಿ ಇಪ್ಪತ್ತು. ಎರಡು ದಿನದ ಹಿಂದೆ, "ನಿನ್ನ ಬಾಗಿಲು ಸದಾ ಬಡ್ಕೊಳ್ಳುತ್ತಲ್ಲಕ್ಕ, ತಗೋ" ಎಂದು ತಮ್ಮನೇ ತಂದುಕೊಟ್ಟದ್ದು. ಉಳಿದವುಗಳಲ್ಲಿ ಒಂದಕ್ಕೆ ಅವನು ನಾಯಿ ಕಟ್ಟಿದ್ದ, ನಾಲ್ಕು ಶೆಡ್ಡಿನ ತಗಡು ಹಾರದಂತೆ ಮೇಲೇರಿದ್ದವು, ಮಿಕ್ಕವು ಗೋಡೆಯ ಬುಡದಲ್ಲಿದ್ದವು. ಒಟ್ಟು ಹತ್ತು. ಪೆಟ್ಟಿಗೆ, ಬೋಲ್ಟು ಸೇರಿ ಇಪ್ಪತ್ತು ಕಿಲೋ ಅಂದರೆ ಲೆಕ್ಕ ಸರಿಹೋಗುತ್ತಿತ್ತು.

ತಮ್ಮ ನಿರಾಳನಾದ. ಬೆಲೆ ಕಟ್ಟುವವನು ಆಗಲಿಲ್ಲ.

"ಅಂಥ ಪೆಟ್ಟಿಗೆ ಕಂಪನಿ ಹಾಕಿದ್ದಲ್ಲ," ಎಂದ ಮೆಲ್ಲಗೆ. "ಲಾರಿ ಅಡಿಯಲ್ಲಿ ಬಚ್ಚಿಟ್ಟ ಬಟ್ಟುಗಳನ್ನ ನಾನು ಮೊದಲೂ ನೋಡಿದೀನಿ. ಬೇಜಾರು ಮಾಡ್ಕೋಬೇಡಿ. ಖಾಲಿ ತೂಗುವಾಗ ತೆಗೆದಿಡ್ತಾರೆ, ಲೋಡು ತೂಗುವಾಗ ಸೇರಿಸ್ತಾರೆ. ಕೊಂಡವನು ಕಬ್ಬಿಣಕ್ಕೆ ಮರಳಿನ ದುಡ್ಡು ಕೊಡ್ತಾನೆ. ಹೀಗಿರೋ ಲಾರಿನ ನಮ್ಮ ಸಾಹೇಬ್ರು ಮುಟ್ಟಲ್ಲ. ಬಿಡಿಭಾಗಕ್ಕೆ ಅಂತ ಬೇಕಾದ್ರೆ ಎರಡು ಲಕ್ಷ ಕೊಡಿಸ್ತೀನಿ."

ಮೈಕು ಇನ್ನೂ ಚಾಲೂ ಇತ್ತು. ಅವನು ಮೆಲ್ಲಗೆ ಆಡಿದ ಅಷ್ಟೂ ಮಾತು ಅಂಗಳದ ಎರಡು ಕಂಬಗಳ ಮೇಲಿನ ಧ್ವನಿವರ್ಧಕದಿಂದ ಹೊರಬಿತ್ತು. ಸಾಲಿನಲ್ಲಿ ನಗುತ್ತಿದ್ದವರು ನಗು ನಿಲ್ಲಿಸಿದರು. ಬೀಡಿ ಹಚ್ಚುತ್ತಿದ್ದವನು ಕಡ್ಡಿ ಕೈ ಸುಡುವವರೆಗೂ ಹಾಗೇ ಹಿಡಿದಿದ್ದ.

ಅಕ್ಕನ ಕೈ ಗುಂಡಿಯ ಮೇಲೆ ಹೋಗಿ ಮೈಕನ್ನು ಆರಿಸಿತು. ಅಪ್ಪ ತನ್ನ ಕಣ್ಣೆದುರು, ತನ್ನದೇ ವೇಬ್ರಿಡ್ಜಿನ ಮೇಲೆ, ಇಪ್ಪತ್ತೆರಡು ವರ್ಷ ಓಡಾಡಿದ ಮನುಷ್ಯ. ಬೇರೆಯವರಿಗೆ "ಇಳೀರಿ" ಎಂದ ಹಾಗೆಯೇ ಅಪ್ಪನಿಗೂ ಎಂದವಳು ಆಕೆ. ಅವನು ಒಂದು ದಿನವೂ ಮುನಿಸಿಕೊಳ್ಳದೆ ಇಳಿದು, ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ದೂರ ನಿಲ್ಲುತ್ತಿದ್ದ. ಲಾರಿಯ ಅಡಿಯನ್ನು ಬಗ್ಗಿ ನೋಡಬೇಕೆಂದು ಆಕೆಗೆ ಎಂದೂ ಅನ್ನಿಸಿರಲಿಲ್ಲ. ಅಪ್ಪನ ಲಾರಿಯಲ್ಲವೇ?

"ನಮ್ಮಪ್ಪ ಅಂಥೋರಲ್ಲ ಕಣ್ರೀ!" ಎಂದು ತಮ್ಮ ಏರಿ ಹೋದ.

"ಸುಮ್ನಿರು," ಎಂದಳು ಅಕ್ಕ. "ಕೂಗಾಡಿದ್ರೆ ತೂಕ ಹೆಚ್ಚಾಗಲ್ಲ. ಆ ಪೆಟ್ಟಿಗೆಯ ಬೆಸುಗೆ ಯಾರ ಕೈಯದ್ದು?"

ತಮ್ಮ ಕ್ಷಣ ಯೋಚಿಸಿದ. "ಮೇಸ್ತ್ರಿ ಮಾಮಂದು. ಅವ್ರನ್ನ ಬಿಟ್ಟು ಈ ಲಾರಿ ಮುಟ್ಟಿದೋರು ಯಾರಿದ್ದಾರೆ?"

"ಕರ್ಕೊಂಡು ಬಾ."

ಮೇಸ್ತ್ರಿ ಮಾಮ ಅಪ್ಪನ ಗೆಳೆಯ, ಲಾರಿ ಮೆಕ್ಯಾನಿಕ್ಕು. ಎಪ್ಪತ್ತೆಂಟು ವರ್ಷ. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಒಂದು ತಿಂಗಳಿಂದ ಮಗಳ ಮನೆಯಲ್ಲಿದ್ದ. ಹಾಗಾಗಿ ಲಾರಿಯ ಮಾರಾಟದ ಸುದ್ದಿಯೂ ಅವನಿಗೆ ಮುಟ್ಟಿರಲಿಲ್ಲ, ಚೊಕ್ಕಟ ಮಾಡಿದ ಸುದ್ದಿಯೂ ಮುಟ್ಟಿರಲಿಲ್ಲ. ತಮ್ಮನ ಸ್ಕೂಟರಿನ ಹಿಂದೆ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದವನೇ ಲಾರಿಯ ಅಡಿಗೆ ಬಗ್ಗಿ ನೋಡಿದ. ಪೆಟ್ಟಿಗೆ ಇದ್ದ ಜಾಗದಲ್ಲಿ ನಾಲ್ಕು ಖಾಲಿ ತೂತು.

"ಅಯ್ಯೋ ಮುಂಡೇದೆ," ಎಂದ ತಮ್ಮನಿಗೆ. "ನಿನಗೆ ಬಿಚ್ಚೋಕೆ ಬೇರೆ ಏನೂ ಸಿಗಲಿಲ್ವಾ?"

ಅಕ್ಕ ಅವನನ್ನು ಕೋಣೆಯೊಳಗೆ ಕರೆದು ತನ್ನ ಕುರ್ಚಿಯ ಮೇಲೆ ಕೂರಿಸಿದಳು. ಬೆಲೆ ಕಟ್ಟುವವನು ಬಾಗಿಲಲ್ಲಿ ನಿಂತ.

"ಮಾಮ, ಒಂದೇ ಪ್ರಶ್ನೆ. ಅಪ್ಪ ಮೋಸ ಮಾಡ್ತಿದ್ರಾ?"

ಮೇಸ್ತ್ರಿ ಮಾಮ ಕನ್ನಡಕ ತೆಗೆದ. ಆಪರೇಷನ್ನಾದ ಕಣ್ಣಲ್ಲಿ ನೀರು ಬರುತ್ತಿತ್ತು, ಅದು ಬೆಳಗಿನಿಂದಲೂ ಬರುತ್ತಿದ್ದದ್ದು.

"ನಿನ್ನ ಮೊದಲನೇ ದಿನ ನೆನಪಿದ್ಯಾ ಮಗಳೇ?"

ನೆನಪಿಲ್ಲದೆ ಏನು. ಆ ವಾರವಷ್ಟೇ ಲಾರಿಗೆ ಹೊಸ ಮರದ ಬಾಡಿ ಕಟ್ಟಿಸಿದ್ದರು. ಹೊಸ ಖಾಲಿ ತೂಕವನ್ನು ಕಾಗದದಲ್ಲಿ ಏರಿಸಬೇಕಿತ್ತು. ಮಗಳಿಗೆ ವೇಬ್ರಿಡ್ಜಿನಲ್ಲಿ ಕೆಲಸವಾಗಿದ್ದೂ ಅದೇ ವಾರ. ಅವಳು ತೂಗುವ ಮೊದಲ ಗಾಡಿ ತನ್ನದೇ ಆಗಬೇಕೆಂದು ಅಪ್ಪ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಲಾರಿ ತಂದು ನಿಲ್ಲಿಸಿದ್ದ. ಆಗ ಪರದೆ ಇರಲಿಲ್ಲ. ಉದ್ದದ ಹಿತ್ತಾಳೆ ಕೋಲಿನ ಮೇಲೆ ಗುಂಡು ಸರಿಸಿ, ಕೋಲು ಸಮವಾದಾಗ ಓದಬೇಕಿತ್ತು. ಅವಳು ಓದಿ ಮೈಕಿನಲ್ಲಿ ಹೇಳಿದ್ದಳು. ಅಪ್ಪ ಕ್ಯಾಬಿನ್ನಿನಿಂದಲೇ ಹಾರನ್ ಹೊಡೆದಿದ್ದ. ಅಮ್ಮ ಚಪ್ಪಾಳೆ ತಟ್ಟಿದ್ದಳು. ಅಂದು ಸಂಜೆಯೇ ಬಾಗಿಲ ಮೇಲೆ ಆ ಅಂಕಿ ಬರೆಸಿದ್ದರು.

"ಅಪ್ಪ ಎಲ್ಲಿಂದ ಹಾರನ್ ಹೊಡೆದ?" ಎಂದು ಮೇಸ್ತ್ರಿ ಮಾಮ ಕೇಳಿದ.

"ಕ್ಯಾಬಿನ್ನಿಂದ."

"ಅಮ್ಮ ಎಲ್ಲಿದ್ಲು?"

ಅಕ್ಕ ಕಿಟಕಿಯಾಚೆ, ಲಾರಿಯ ಕ್ಯಾಬಿನ್ನಿನ ಕಡೆ ನೋಡಿದಳು.

"ಅಪ್ಪನ ಪಕ್ಕದ ಸೀಟಲ್ಲಿ," ಎಂದ ಮೇಸ್ತ್ರಿ ಮಾಮನೇ. "ನಿನ್ನ ತಮ್ಮ ಹಿಂದೆ ಬಾಡಿ ಮೇಲೆ. ನಾನು ಫುಟ್‌ಬೋರ್ಡ್ ಮೇಲೆ ನೇತಾಡ್ತಿದ್ದೆ. ಆ ದಿನ ಯಾರೂ ಇಳೀಲಿಲ್ಲ ಮಗಳೇ. ನೀನೂ ಇಳೀರಿ ಅನ್ಲಿಲ್ಲ."

ಹೊರಗೆ ಯಾರೋ ಲಾರಿಯ ಟೈರನ್ನು ಕಾಲಿನಿಂದ ಒದ್ದು ಗಾಳಿ ನೋಡುತ್ತಿದ್ದರು.

ನಿಯಮ ಅವಳಿಗೆ ಗೊತ್ತಿತ್ತು. ಮೂರು ದಿನ ಕಲಿಸಿಯೇ ಕೂರಿಸಿದ್ದರು. ಆದರೆ ಹತ್ತೊಂಬತ್ತರ ಹುಡುಗಿ, ಅಷ್ಟು ಸಂಭ್ರಮದಲ್ಲಿ ಬಂದ ಅಪ್ಪನಿಗೆ, ಮೈಕಿನಲ್ಲಿ, ಊರಿಗೆಲ್ಲ ಕೇಳುವ ಹಾಗೆ ಕೆಳಗಿಳಿ ಎನ್ನುವುದು ಹೇಗೆ? ನಾಲಿಗೆ ಏಳಲಿಲ್ಲ. ಆಮೇಲೆ ಗುಂಡು ಸರಿಸುವ ಗಡಿಬಿಡಿಯಲ್ಲಿ ಅದು ಮನಸ್ಸಿನಿಂದಲೇ ಜಾರಿಹೋಯಿತು. ಮರುದಿನ ಬೇರೆ ಲಾರಿಗೆ ಜೋರಾಗಿ "ಇಳೀರಿ" ಎಂದಳು. ಅಲ್ಲಿಂದ ಮುಂದೆ ಒಮ್ಮೆಯೂ ಬಿಟ್ಟಿಲ್ಲ. ಬಿಟ್ಟಿದ್ದು ಆ ಒಂದೇ ಸಲ.

"ಎರಡು ದಿನ ಆದ್ಮೇಲೆ ಕಲ್ಲುಗಣಿಗೆ ಹೋದ್ವಿ," ಎಂದು ಮೇಸ್ತ್ರಿ ಮಾಮ ಮುಂದುವರಿಸಿದ. "ಅಲ್ಲಿನ ತೂಕದವನು ಎಲ್ರನ್ನೂ ಇಳಿಸಿ ತೂಗಿ, ಎರಡು ಸಾವಿರದ ಒಂಬೈನೂರ ನಲವತ್ತು ಅಂದ. ನಿಮ್ಮಪ್ಪ ಲೋಡೇ ಹಾಕಿಸ್ಕೊಳ್ಳಲಿಲ್ಲ. ಬ್ರೇಕು ಸರಿಯಿಲ್ಲ ಅಂತ ಸುಳ್ಳು ಹೇಳಿ ಖಾಲಿ ವಾಪಸ್ ಬಂದ. ಆ ಇನ್ನೂರ ಇಪ್ಪತ್ತು ಎಲ್ಲಿ ಹೋಯ್ತು ಅಂತ ಹುಡುಕೋಕೆ ನಮ್ಮ ನಾಲ್ಕೂ ಜನನ್ನ ಗೋದಾಮಿನ ತಕ್ಕಡಿ ಮೇಲೆ ನಿಲ್ಲಿಸಿದ. ಅವನು ಅರವತ್ತಾರು, ನಿಮ್ಮಮ್ಮ ಐವತ್ತು, ನಾನು ಅರವತ್ನಾಲ್ಕು, ಇವನು ಮೂವತ್ತೆಂಟು."

ತಮ್ಮ ಗೋಡೆಗೆ ಒರಗಿದ್ದವನು ನೇರವಾದ. "ಯಾರು ದಪ್ಪ ನೋಡೋಣ ಅಂತ ಅಪ್ಪ ಆಟ ಆಡಿಸಿದ್ರು! ಮಿಠಾಯಿ ಕೊಡ್ಸಿದ್ರು. ಆಟ ಅಂದ್ಕೊಂಡಿದ್ದೆ ನಾನು."

"ಇನ್ನೂರ ಹದಿನೆಂಟು," ಎಂದಳು ಅಕ್ಕ. ಕೂಡಿಸುವುದನ್ನು ನಿಲ್ಲಿಸಲು ಆಕೆಗೆ ಬರುತ್ತಿರಲಿಲ್ಲ. "ಎರಡು ಕಿಲೋ ಬೇಕು."

"ಹಳೇ ಕೋಲಲ್ಲಿ ಹತ್ತರ ಕೆಳಗೆ ಗೆರೆನೇ ಇರಲಿಲ್ವಲ್ಲ," ಎಂದ ಮೇಸ್ತ್ರಿ ಮಾಮ.

"ನನ್ನ ಜೇಬಲ್ಲಿ ಕಡ್ಲೆಕಾಯಿ ಇತ್ತು," ಎಂದ ತಮ್ಮ. ಯಾರೂ ನಗಲಿಲ್ಲ. ಅವನು ನಗಿಸಲೆಂದು ಹೇಳಿರಲೂ ಇಲ್ಲ.

"ಹೇಳಿ ತಿದ್ದಿಸಬಹುದಿತ್ತಲ್ಲ ಮಾಮ? ಒಂದು ಮಾತು ಹೇಳಿದ್ರೆ ಆಗ್ತಿತ್ತು," ಎಂದಳು ಅಕ್ಕ.

"ನಾನೂ ಅದನ್ನೇ ಅಂದೆ. ಮೊದಲ ಮೂರು ತಿಂಗಳಲ್ಲಿ ಒಂದು ತೂಕ ತಪ್ಪಿದ್ರೂ ಕೆಲಸದಿಂದ ತೆಗೀತಾರೆ ಅಂತ ವೇಬ್ರಿಡ್ಜಿನ ಯಜಮಾನ ಹೇಳಿದ್ನಲ್ಲ, ನಿಮ್ಮಪ್ಪನ ಎದುರಿಗೇ. ಆಗಲೇ ಕಾಗದಕ್ಕೂ ಏರಿತ್ತು. ನಿಮ್ಮಪ್ಪ ಬಾಗಿಲ ಮೇಲಿನ ಅಂಕಿ ನೋಡ್ತಾ ಸುಮಾರು ಹೊತ್ತು ಕೂತಿದ್ದ. ಆಮೇಲೆ, 'ಮಗಳು ಹೇಳಿದ್ದು ತಪ್ಪಲ್ಲ ಕಣಯ್ಯ. ಲಾರಿನೇ ತಪ್ಪು. ಲಾರಿನೇ ಸರಿ ಮಾಡೋಣ' ಅಂದ. ಮುಚ್ಚಿ ಹೋಗಿದ್ದ ನೂಲಿನ ಗಿರಣಿಯಿಂದ ಹತ್ತು ಬಟ್ಟು ತಂದ್ವಿ. ನಾನು ಪೆಟ್ಟಿಗೆ ಮಾಡ್ದೆ. ಕೂರಿಸಿ, ಗಣಿಯಲ್ಲಿ ತೂಗಿ ನೋಡಿ, ಕರೆಕ್ಟಾಗಿ ಬಂದ್ಮೇಲೇನೇ ಅವನು ಮತ್ತೆ ಮರಳು ತುಂಬಿದ್ದು. ಬೋಲ್ಟು ಬಿಗಿದು ಬೆಸುಗೆ ಹಾಕಿಬಿಡು ಅಂದ. ಖಾಲಿ ಇದ್ರೂ ಇರ್ಬೇಕು, ಲೋಡಿದ್ರೂ ಇರ್ಬೇಕು, ಯಾರಿಗೂ ಒಂದು ಹಿಡಿ ಮೋಸ ಆಗಬಾರ್ದು ಅಂತ. ಎಲ್ಲಿ, ಆ ಬೆಸುಗೆ ಹೋಗಿದ್ದು ಹೇಗಯ್ಯಾ?"

"ಗ್ರೈಂಡರಿಂದ ಕೊಯ್ದೆ," ಎಂದ ತಮ್ಮ ನೆಲ ನೋಡುತ್ತ.

ಬೆಲೆ ಕಟ್ಟುವವನು ಹೊರಗೆ ಹೋಗಿ, ಕರವಸ್ತ್ರ ಹಾಸಿ, ಲಾರಿಯ ಅಡಿಗೆ ಮಲಗಿ ನೋಡಿ ಬಂದ. ಬೋಲ್ಟಿನ ನಾಲ್ಕೂ ತೂತುಗಳ ಸುತ್ತ ಹಳೆಯ ಬೆಸುಗೆಯ ಗುರುತು ಇತ್ತು. ದಿನಾ ತೆಗೆದು ಹಾಕುವ ಪೆಟ್ಟಿಗೆಗೆ ಯಾರೂ ಹಾಗೆ ಬೆಸುಗೆ ಹಾಕುವುದಿಲ್ಲ. ಅವನು ಅಂಗಿಯ ದೂಳು ಕೊಡವಲಿಲ್ಲ. "ತಪ್ಪು ಮಾತಾಡಿಬಿಟ್ಟೆ, ಮೇಡಂ," ಎಂದ.

ಅಕ್ಕನ ತಲೆ ಆಗಲೇ ಬೇರೆ ಲೆಕ್ಕಕ್ಕೆ ಇಳಿದಿತ್ತು. ಲಾರಿ ಹೊರಬಹುದಾದ ಒಟ್ಟು ತೂಕಕ್ಕೆ ಕಾನೂನಿನ ಮಿತಿಯಿದೆ. ಅದರಲ್ಲಿ ಇನ್ನೂರ ಇಪ್ಪತ್ತು ಕಿಲೋ ಕಬ್ಬಿಣವಾದರೆ ಅಷ್ಟು ಮರಳು ಕಡಿಮೆ. ದಿನಕ್ಕೆ ಎರಡು ಟ್ರಿಪ್ಪು. ಒಂದು ಟ್ರಿಪ್ಪಿಗೆ ಇಷ್ಟು ಅಂದರೆ ತಿಂಗಳಿಗೆ, ತಿಂಗಳಿಗೆ ಇಷ್ಟು ಅಂದರೆ ವರ್ಷಕ್ಕೆ, ಹಾಗೆ ಇಪ್ಪತ್ತೆರಡು ವರ್ಷ. ಏರುಗಳಲ್ಲಿ ಉರಿದ ಡೀಸೆಲ್ ಬೇರೆ. ಚಾಲಕರು ಅಪ್ಪನ ಲಾರಿಯನ್ನು ಏರಿನಲ್ಲಿ ಹಿಂದೆ ಹಾಕುವಾಗ "ಏನ್ ಯಜಮಾನ್ರೇ, ಬೀಗರ ಮನೆಗೆ ಹೊರಟ್ರಾ?" ಎಂದು ರೇಗಿಸುತ್ತಿದ್ದದ್ದು ನೆನಪಾಯಿತು. ಅಪ್ಪ ಕೈ ಹೊರಗೆ ಹಾಕಿ, ಹೋಗಿ ಹೋಗಿ ಎಂದು ಸನ್ನೆ ಮಾಡುತ್ತಿದ್ದ. ಆಕೆ ಬೆರಳು ಮಡಚುತ್ತಿದ್ದವಳು ನಡುವೆಯೇ ನಿಲ್ಲಿಸಿದಳು. ಕೂಡಿಸಿ ಮುಗಿಸದೆ ಬಿಟ್ಟ ಲೆಕ್ಕ ಅದೊಂದೇ ಇರಬೇಕು.

ಅಮ್ಮನಿಗೂ ಗೊತ್ತಿತ್ತು. ಅಮ್ಮ ತೀರಿಹೋಗಿ ಒಂಬತ್ತು ವರ್ಷ. ಒಂದು ದಿನವೂ ಬಾಯಿ ಜಾರಿರಲಿಲ್ಲ. ಮನೆಗೆ ಬಂದವರ ಮುಂದೆಲ್ಲ, "ನಮ್ಮ ಹುಡುಗಿಯ ತೂಕ ಅಂದ್ರೆ ತೂಕ" ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಬೆಲೆ ಕಟ್ಟುವವನು ಗಂಟಲು ಸರಿ ಮಾಡಿಕೊಂಡ. "ಈಗ ಎರಡು ದಾರಿ ಇದೆ. ಪೆಟ್ಟಿಗೆ ವಾಪಸ್ ಕೂರಿಸಿದ್ರೆ ಕಾಗದ, ಲಾರಿ ಹೊಂದುತ್ತೆ, ಯಾರೂ ಏನೂ ಕೇಳಲ್ಲ. ಆದ್ರೆ ಅದು ಹೊರಗಿನಿಂದ ಸೇರಿಸಿದ್ದು, ಜೊತೆಗೆ ಹೊಸದಾಗಿ ಬೆಸುಗೆ ಆಗ್ಬೇಕು. ಬೆಲೆ ಹನ್ನೆರಡಕ್ಕೆ ಇಳಿಯುತ್ತೆ. ಇನ್ನೊಂದು ದಾರಿ, ಲಾರಿ ಹೀಗೇ ಇರ್ಲಿ. ಹದಿನೆಂಟು ಹದಿನೆಂಟೇ. ಆದ್ರೆ ಕಾಗದದ ತೂಕ ತಪ್ಪು ಅಂತ ತಿದ್ದಿಸ್ಬೇಕು. ಅದಕ್ಕೆ, ಮೊದಲು ತೂಗಿದವರೇ ನನ್ನ ತೂಕ ತಪ್ಪಾಗಿತ್ತು, ಇಂಥ ಕಾರಣಕ್ಕೆ ಅಂತ ಬರೆದು ಕೊಡ್ಬೇಕು. ಅದು ತೂಕ ಅಳತೆ ಕಚೇರಿಗೂ ಹೋಗುತ್ತೆ."

ತಮ್ಮ ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. "ಪೆಟ್ಟಿಗೆ ಕೂರಿಸೋಣ. ಹನ್ನೆರಡು ಸಾಕು."

"ನಿನ್ನ ಮನೆ?"

"ಒಂದು ಕೋಣೆ ಕಮ್ಮಿ ಕಟ್ತೀನಿ, ನಿನಗೇನು? ಈ ಕುರ್ಚಿ ಮೇಲೆ ಕೂತು, ನಾನು ತಪ್ಪು ತೂಗಿದೆ ಅಂತ ನೀನು ಬರ್ಕೊಡ್ತೀಯಾ? ನಾಳೆಯಿಂದ ಇವ್ರೆಲ್ಲ," ಎಂದು ಕಿಟಕಿಯಾಚೆ ಕೈ ತೋರಿಸಿದ, "ಒಂದೊಂದು ಚೀಟಿಗೂ ನಿನ್ನ ಹತ್ರ ಜಗಳ ತೆಗೀತಾರೆ."

"ಅವನು ಹೇಳೋದು ಸರಿ ಮಗಳೇ," ಎಂದ ಮೇಸ್ತ್ರಿ ಮಾಮ. "ನಿಮ್ಮಪ್ಪ ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನ ನೀನೇ ಬಿಚ್ಚಿ ಹಾಕ್ತೀಯಾ? ಅವನು ಹೊತ್ತಿದ್ದೆಲ್ಲ ದಂಡ ಆಗಲ್ವಾ?"

ಅಕ್ಕ ಬಾಗಿಲ ಬಳಿ ಹೋಗಿ ಆ ಬಟ್ಟನ್ನು ಎರಡೂ ಕೈಯಿಂದ ಎತ್ತಿದಳು. ಬೆಳಿಗ್ಗೆ ಕಾಲಿನಿಂದ ತಳ್ಳಿದ್ದು. ಅದನ್ನು ಮೇಜಿನ ಮೇಲೆ, ಮೈಕಿನ ಪಕ್ಕದಲ್ಲಿಟ್ಟು, ಸೆರಗಿನಿಂದ ಒರೆಸಿದಳು. ಹಿಡಿಯುವವರಿಲ್ಲದ ಬಾಗಿಲು ಒಮ್ಮೆ ಬಡಿದುಕೊಂಡಿತು.

"ದಂಡ ಹೇಗಾಗುತ್ತೆ ಮಾಮ? ನನ್ನ ಕೆಲಸ ಉಳೀಲಿ ಅಂತ ಹೊತ್ರು. ಉಳೀತು. ಇನ್ನು ಹೊರೋದು ಸಾಕು." ಆಕೆಯ ದನಿ ಚೀಟಿ ಓದುವ ದನಿಯೇ ಆಗಿತ್ತು, ಸ್ವಲ್ಪ ಒಡೆದಿತ್ತು ಅಷ್ಟೆ. "ಅಲ್ದೆ, ನಮ್ಮಪ್ಪನ ಲಾರಿ ಅಡಿ ಕಳ್ಳ ಪೆಟ್ಟಿಗೆ ಇತ್ತು ಅಂತ ಈ ಸಾಲಿನೋರೆಲ್ಲ ಈಗಾಗ್ಲೇ ಕೇಳಿಸ್ಕೊಂಡಿದ್ದಾರೆ, ನನ್ನದೇ ಮೈಕಲ್ಲಿ. ಅದು ಹಾಗೇ ಊರು ಸುತ್ತಬಾರ್ದು. ಸಾರ್, ಬರ್ಕೊಳ್ಳಿ."

ಆಕೆ ಮೈಕಿನ ಗುಂಡಿ ಒತ್ತಿದಳು. ಅಂಗಳದ ಕಂಬಗಳ ಮೇಲೆ ಸಣ್ಣಗೆ ಗೊರ್ ಎಂದಿತು. ಚಾಲಕರು ತಲೆ ಎತ್ತಿದರು. ತಮ್ಮ ತಡೆಯಲೆಂದು ಮುಂದೆ ಬಂದವನು, ಅಕ್ಕನ ಮುಖ ನೋಡಿ, ಬಾಗಿಲನ್ನು ತಾನೇ ಹಿಡಿದುಕೊಂಡು ನಿಂತ.

ಬೆಲೆ ಕಟ್ಟುವವನು ಪೆನ್ನು ತೆರೆದ. ಅವನ ಪ್ರಶ್ನೆಗಳೂ ಈಗ ಹೊರಗೆ ಕೇಳುತ್ತಿದ್ದವು.

"ಮೊದಲ ತೂಕ ಮಾಡಿದವರು?"

"ನಾನೇ."

"ತಪ್ಪಿಗೆ ಕಾರಣ?"

"ಇಳೀರಿ ಅಂತ ಹೇಳ್ಲಿಲ್ಲ."

ಸಾಲಿನಲ್ಲಿ ಗುಸುಗುಸು ಎದ್ದಿತು. ಆಕೆ ಅದು ಅಡಗುವವರೆಗೆ ಕಾದಳು.

"ತೂಗುವಾಗ ಲಾರಿ ಮೇಲೆ ಏನಿತ್ತು ಮೇಡಂ?"

"ಅಪ್ಪ, ಅಮ್ಮ, ತಮ್ಮ, ಮೇಸ್ತ್ರಿ ಮಾಮ."

ಪೆನ್ನು ಸ್ವಲ್ಪ ಹೊತ್ತು ನಿಂತು, ನಾಲ್ವರನ್ನೂ ಬರೆಯಿತು. ಹೊರಗೆ, ಬೆಳಿಗ್ಗೆ ಉಪವಾಸದ ಮಾತು ಕೂಗಿದ್ದ ಜಲ್ಲಿ ಲಾರಿಯವನು, ಸರದಿ ಬರುವ ಮುಂಚೆಯೇ ಕ್ಯಾಬಿನ್ನಿನಿಂದ ಕೆಳಗಿಳಿದು ನಿಂತ. ಅವನ ಹಿಂದಿನವನೂ ಇಳಿದ.

"ಕೊನೇದು. ಆ ದಿನ ನೀವು ಮೈಕಿನಲ್ಲಿ ಹೇಳಿದ ಅಂಕಿ?"

ಪರದೆಯ ಮೇಲೆ ಬೇರೆ ಅಂಕಿ ಉರಿಯುತ್ತಿತ್ತು. ಆಕೆ ಅದನ್ನು ನೋಡದೆ, ಕಿಟಕಿಯಾಚೆ ಹಸಿರು ಬಾಗಿಲನ್ನು ನೋಡುತ್ತ, ಹತ್ತೊಂಬತ್ತರ ವಯಸ್ಸಿನಲ್ಲಿ ಹೇಳಿದಷ್ಟೇ ಗಟ್ಟಿಯಾಗಿ ಹೇಳಿದಳು.

"ಮೂರು ಸಾವಿರದ ನೂರ ಅರವತ್ತು."